ಕಲ್ಲು ಓದಿದ ಮೇಷ್ಟ್ರು

ಬಿ.ಎಲ್. ರೈಸ್ ಎಂದರೆ ನಮಗೆ ಶಾಸನ, ಶಾಸನ ಎಂದರೆ ರೈಸ್. ಆದರೆ ಅವರು ಮೊದಲು ಬೆಂಗಳೂರಿನ ಹೈಸ್ಕೂಲಿನ ಹೆಡ್‌ಮಾಸ್ಟರು. ಪೇಟೆಯ ಕನ್ನಡ ಚರ್ಚಿನಲ್ಲಿ ಆಯುಷ್ಯ ಸವೆಸಿದ ಪಾದ್ರಿ ಮೇಷ್ಟ್ರ ಮಗ. ಹೋಬಳಿಗೊಂದು ಶಾಲೆ ಬೇಕೆಂದು ಬರೆದದ್ದೂ ಅದೇ ಕೈ. ಅವರು ತೀರಿಕೊಂಡು ನೂರು ವರ್ಷ ತುಂಬುವುದು 2027ರ ಜುಲೈಗೆ.

ಶಾಲೆ ಬಿಟ್ಟ ಹೊತ್ತು. ಹರದನಹಳ್ಳಿಯ ದಿವ್ಯಲಿಂಗೇಶ್ವರ ಗುಡಿಯ ಗೋಪುರದ ನೆರಳು ಉದ್ದಕ್ಕೆ ಚಾಚಿದೆ. ಬ್ಯಾಗನ್ನು ಜಗಲಿಗೆ ಒಗೆದ ಇಬ್ಬರು ಹುಡುಗರು ಕಲ್ಲಿನ ಮೇಲಿನ ಬರಹಕ್ಕೆ ಬೆರಳಿಟ್ಟು ಜಗಳಕ್ಕೆ ನಿಂತಿದ್ದಾರೆ.

“ಇದು ‘ರ’ ಕಲಾ.”

“ಥೂ, ಸೊನ್ನೆ ಅದು.”

ಇಬ್ಬರದೂ ಪೂರ್ತಿ ತಪ್ಪಲ್ಲ. ಹಿಂದಿನವರು ಕಲ್ಲಿನಲ್ಲಿ ‘ರ’ ಕಡೆಯುತ್ತಿದ್ದದ್ದೇ ದುಂಡಗೆ. ಮೇಲಿನ ತಲೆಕಟ್ಟು ಸವೆದರೆ ಉಳಿಯುವುದು ಸೊನ್ನೆಯೇ.

ಈ ಜಗಳ ಬಗೆಹರಿಸುವ ಪುಸ್ತಕವೊಂದಿದೆ. 1898ರಲ್ಲಿ ಅಚ್ಚಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೇ ಸಂಪುಟ. ಚಾಮರಾಜನಗರ, ಯಳಂದೂರು, ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ ಎಂದು ತಾಲ್ಲೂಕುವಾರು, ಊರುವಾರು ಕಲ್ಲುಗಳ ಪಾಠವನ್ನು ಅದರಲ್ಲಿ ಜೋಡಿಸಿಟ್ಟಿದ್ದಾರೆ. ಹರದನಹಳ್ಳಿಯ ಕಲ್ಲುಗಳೂ ಇವೆ. ಸಂಪಾದಕರು ಬಿ. ಲೂಯಿಸ್ ರೈಸ್.

ಹರದನಹಳ್ಳಿಗೆ ಇನ್ನೊಂದು ಗುರುತೂ ಇದೆ. ಅದು ಚಾಮರಾಜನಗರ ತಾಲ್ಲೂಕಿನ ಒಂದು ಹೋಬಳಿ. ಪಹಣಿ, ಜಾತಿ ಸರ್ಟಿಫಿಕೇಟು, ನಾಡಕಚೇರಿಯ ಮುಂದಿನ ಕ್ಯೂ: ಹೋಬಳಿ ಎಂದರೆ ನಮ್ಮ ಕಣ್ಣಿಗೆ ಬರುವುದು ಇಷ್ಟೇ. ನೂರೈವತ್ತು ವರ್ಷಗಳ ಹಿಂದೆ ಇದೇ ರೈಸ್ ಹೋಬಳಿಯನ್ನೇ ಲೆಕ್ಕಕ್ಕೆ ಹಿಡಿದು ಮೈಸೂರು ಸೀಮೆಯ ಹಳ್ಳಿಗಳಿಗೆ ಸರ್ಕಾರಿ ಶಾಲೆ ಮುಟ್ಟಿಸುವ ಯೋಜನೆ ಹಾಕಿದರು. ಅವರ ಶಾಸನದ ಕೆಲಸಕ್ಕೆ ನಾವು ಕೈಮುಗಿಯುತ್ತೇವೆ. ಶಾಲೆಯ ಕೆಲಸವನ್ನು ಮರೆತೇ ಬಿಟ್ಟಿದ್ದೇವೆ. ನನ್ನ ಲೆಕ್ಕದಲ್ಲಿ ಎರಡನೆಯದೇ ತೂಕದ್ದು. ಅಷ್ಟೇ ಅಲ್ಲ, ಅದಿಲ್ಲದಿದ್ದರೆ ಮೊದಲನೆಯದೂ ಆಗುತ್ತಿರಲಿಲ್ಲ.

ಪೇಟೆಯ ಪಾದ್ರಿ ಮನೆ

ಲಂಡನ್ ಮಿಷನ್ ಬೆಂಗಳೂರಿಗೆ ಕಾಲಿಟ್ಟದ್ದು 1820ರಲ್ಲಿ. ಬೆಂಜಮಿನ್ ಹೋಲ್ಟ್ ರೈಸ್ ಎಂಬ ಯುವಕ ಹೆಂಡತಿ ಜೇನ್ ಜತೆ ಇಲ್ಲಿ ಬಂದಿಳಿದದ್ದು ಅದಾದ ಹದಿನಾರು–ಹದಿನೇಳು ವರ್ಷಕ್ಕೆ. 1837ರ ಜುಲೈ 17ರಂದು ಬೆಂಗಳೂರಿನಲ್ಲೇ ಮಗ ಹುಟ್ಟಿದ. ಅವನೇ ಲೂಯಿಸ್.

ಅಪ್ಪ ರೈಸ್ ವಾಪಸು ಹೋಗಲು ಬಂದವರಲ್ಲ. 1887ರಲ್ಲಿ ಕಣ್ಣು ಮುಚ್ಚುವವರೆಗೆ, ಸುಮಾರು ಐವತ್ತು ವರ್ಷ, ಅವರ ಊರು ಬೆಂಗಳೂರೇ. ಬೆಳಿಗ್ಗೆ ಶಾಲೆ, ಸಂಜೆ ಪೇಟೆ ಬೀದಿಯಲ್ಲಿ ಪ್ರಸಂಗ, ಭಾನುವಾರ ಕನ್ನಡದಲ್ಲಿ ಆರಾಧನೆ. ನಡುವೆ ಶಾಲಾ ಪುಸ್ತಕ ಬರೆಯುವುದು, ಕನ್ನಡ ಬೈಬಲ್ಲಿನ ಪರಿಷ್ಕರಣೆಗೆ ಕೂರುವುದು. ಮೂಲದ ಒಂದೊಂದು ಮಾತಿಗೂ ಕನ್ನಡದಲ್ಲಿ ಯಾವುದು ಹೊಂದುತ್ತದೆ ಎಂದು ತೂಗುವ ಆ ಕೆಲಸ ವರ್ಷಗಟ್ಟಲೆ ನಡೆಯಿತು.

ಮನೆಯಾಕೆಯ ಕೆಲಸ ಇನ್ನೂ ಕಷ್ಟದ್ದು. 1840ರಲ್ಲಿ ಜೇನ್ ರೈಸ್, ಮಿಷನ್ನಿನ ಇನ್ನೊಬ್ಬ ಪಾದ್ರಿಯ ಹೆಂಡತಿ ಶ್ರೀಮತಿ ಸ್ಯೂವೆಲ್ ಜತೆ ಸೇರಿ ಕನ್ನಡ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಅಕ್ಷರ ಕಲಿಯುವುದು ದೇವದಾಸಿಯರಿಗೆ ಸಲ್ಲುವುದೇ ಹೊರತು ಮನೆಯ ಹೆಣ್ಣುಮಕ್ಕಳಿಗಲ್ಲ ಎಂದು ಊರೇ ನಂಬಿದ್ದ ಕಾಲ ಅದು. ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ಶಾಲೆ ತೆರೆಯಲು ಇನ್ನೂ ಎಂಟು ವರ್ಷವಿತ್ತು. ಬೆಂಗಳೂರಿನ ಸ್ತ್ರೀಶಿಕ್ಷಣದ ಕಥೆ ಹೇಳುವಾಗ ಈ ಇಬ್ಬರು ಹೆಂಗಸರ ಹೆಸರು ಮೊದಲ ಪುಟದಲ್ಲಿ ಇರಬೇಕಿತ್ತು. ಇಲ್ಲ.

ಮಿಷನ್ ಶಾಲೆ ನಡೆಸಿದ್ದು ಅಕ್ಷರದ ಮೇಲಿನ ಪ್ರೀತಿಗಷ್ಟೇ ಅಲ್ಲ, ಅದನ್ನು ಮುಚ್ಚಿಡಬೇಕಾದ್ದಿಲ್ಲ. ಬೈಬಲ್ ಪಾಠದ ಭಾಗವೇ ಆಗಿತ್ತು, ಮತಾಂತರ ಉದ್ದೇಶವೇ ಆಗಿತ್ತು. ಒಬ್ಬ ಹುಡುಗ ದೀಕ್ಷಾಸ್ನಾನ ಪಡೆದ ಸುದ್ದಿ ಹಬ್ಬಿದರೆ ಸಾಕು, ಮರುದಿನ ಮಿಷನ್ ಶಾಲೆಯ ಬೆಂಚು ಖಾಲಿ. ದಕ್ಷಿಣದ ಎಷ್ಟೋ ಊರುಗಳಲ್ಲಿ ನಡೆದ ಪ್ರಸಂಗ ಇದು. ಪೇಟೆಯ ಜನ ಲೆಕ್ಕ, ಭೂಗೋಳ, ಇಂಗ್ಲಿಷನ್ನು ತೆಗೆದುಕೊಂಡರು, ಮಿಕ್ಕಿದ್ದನ್ನು ಅಲ್ಲೇ ಬಿಟ್ಟರು. ಕನ್ನಡ ಸಭೆ ಚಿಕ್ಕದಾಗಿಯೇ ಉಳಿಯಿತು.

ಆ ಚಿಕ್ಕ ಸಭೆ ತನ್ನ ಮೇಷ್ಟ್ರನ್ನು ಮರೆಯಲಿಲ್ಲ. ಅವೆನ್ಯೂ ರಸ್ತೆಯ ಚರ್ಚಿಗೆ ಅವರದೇ ಹೆಸರು: ರೈಸ್ ಸ್ಮಾರಕ ದೇವಾಲಯ. ಈಗಿನ ಕಟ್ಟಡ 1917ರದು. ಹಳೇ ಪುಸ್ತಕದಂಗಡಿಗಳಿಗೆ ಹೆಸರಾದ ಬೀದಿ ಅದು. ಜೂನ್ ಬಂತೆಂದರೆ ಗೈಡು, ಪಠ್ಯಪುಸ್ತಕ ಹುಡುಕುವ ಅಪ್ಪ ಅಮ್ಮಂದಿರ ನೂಕುನುಗ್ಗಲು. ಅದರ ನಡುವೆ ಒಬ್ಬ ಸ್ಕೂಲ್ ಮೇಷ್ಟ್ರ ಹೆಸರಿನ ಚರ್ಚು. ಬಹಳ ಜನ ಆ ‘ರೈಸ್’ ಎಂದರೆ ಶಾಸನದ ರೈಸ್ ಎಂದೇ ತಿಳಿದಿದ್ದಾರೆ. ಅಲ್ಲ, ಅವರಪ್ಪ.

> ಒಂದೇ ಮನೆ, ಮೂವರು ರೈಸ್
>
> ಬೆಂಜಮಿನ್ ಹೋಲ್ಟ್ ರೈಸ್: ಪಾದ್ರಿ, ಮೇಷ್ಟ್ರು. 1887ರಲ್ಲಿ ಬೆಂಗಳೂರಿನಲ್ಲೇ ನಿಧನ.
>
> ಬೆಂಜಮಿನ್ ಲೂಯಿಸ್ ರೈಸ್: ಹಿರಿಯ ಮಗ. ಹೆಡ್‌ಮಾಸ್ಟರು, ಶಿಕ್ಷಣ ಇಲಾಖೆಯ ಮುಖ್ಯಸ್ಥ, ಗೆಜೆಟಿಯರ್‌ಕಾರ, ಶಾಸನ ಸಂಪಾದಕ.
>
> ಎಡ್ವರ್ಡ್ ಪಿ. ರೈಸ್: ಕಿರಿಯ ಮಗ. ಅಪ್ಪನಂತೆ ಮಿಷನರಿ. ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯ ಚರಿತ್ರೆ ಬರೆದವರು. ಆ ಪುಸ್ತಕದ ವಿಸ್ತರಿಸಿದ ಆವೃತ್ತಿ 1921ರಲ್ಲಿ ಬಂತು. ಅಣ್ಣ ತಮ್ಮನನ್ನು ಒಬ್ಬರೇ ಎಂದು ಬರೆದವರು ಈಗಲೂ ಸಿಗುತ್ತಾರೆ.

ಮೇಷ್ಟ್ರ ಮಗ, ಮೇಷ್ಟ್ರ ಅಳಿಯ

ಲೂಯಿಸ್ ಓದಿಗೆ ಇಂಗ್ಲೆಂಡಿಗೆ ಹೋದರು. 1860ರಲ್ಲಿ ತಿರುಗಿ ಬಂದದ್ದು ಬೆಂಗಳೂರು ಹೈಸ್ಕೂಲಿನ ಹೆಡ್‌ಮಾಸ್ಟರಾಗಿ, ವಯಸ್ಸು 23. ಸರ್ಕಾರದ ಆ ಹೈಸ್ಕೂಲು ಶುರುವಾಗಿ ಎರಡೇ ವರ್ಷ ಆಗಿತ್ತು. ಮುಂದೆ 1875ರಲ್ಲಿ ಅದೇ ಸೆಂಟ್ರಲ್ ಕಾಲೇಜಾಯಿತು.

ಶಿಕ್ಷಣ ಇಲಾಖೆಯ ಮುಖ್ಯಸ್ಥ ಜಾನ್ ಗ್ಯಾರೆಟ್. ಅವರೂ ಮೊದಲು ವೆಸ್ಲಿಯನ್ ಪಾದ್ರಿ. ಬೆಂಗಳೂರಿನ ಮಿಷನ್ ಅಚ್ಚುಕೂಟ ನಡೆಸಿದವರು, ಭಗವದ್ಗೀತೆಯನ್ನು ಕನ್ನಡ ಸಮೇತ ಅಚ್ಚು ಹಾಕಿಸಿದ ಪಾದ್ರಿ. ಆ ಕಾಲದ ಮೈಸೂರು ಶಿಕ್ಷಣ ಇಲಾಖೆಯ ಬೇರು ಹುಡುಕಿದರೆ ಯಾವುದಾದರೊಂದು ಚರ್ಚಿನ ಅಂಗಳಕ್ಕೇ ಹೋಗಿ ಮುಟ್ಟುತ್ತದೆ. 1869ರಲ್ಲಿ ಲೂಯಿಸ್ ರೈಸ್ ಗ್ಯಾರೆಟ್ಟರ ಮಗಳು ಮೇರಿ ಸೋಫಿಯಾಳನ್ನು ಮದುವೆಯಾದರು.

ಅಷ್ಟರಲ್ಲಿ ಅವರು ಹೈಸ್ಕೂಲಿನ ಗೋಡೆ ದಾಟಿಯಾಗಿತ್ತು. 1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರಾದರು. ಕುದುರೆ ಮೇಲೆ ಊರೂರು ಸುತ್ತುವ ಕೆಲಸ. ಆಗ ಕಣ್ಣಿಗೆ ಬಿದ್ದದ್ದು ಎರಡು: ಊರೊಳಗೆ ಕೂಲಿಮಠ, ಊರ ಮುಂದೆ ಬರಹದ ಕಲ್ಲು.

ಕೂಲಿಮಠದ ಒಳಗೆ

ಕೂಲಿಮಠ ಎಂದರೆ ಯಾರದೋ ಮನೆಯ ಜಗಲಿ, ಗುಡಿಯ ಪಡಸಾಲೆ, ಇಲ್ಲವೇ ಊರ ಮಠ. ಮೇಷ್ಟ್ರು ಐಗಳೋ ಅಯ್ಯನವರೋ. ಸಂಬಳ ಎಂದರೆ ಮನೆಮನೆಯಿಂದ ಬರುವ ಕಾಳುಕಡ್ಡಿ, ಅಮಾವಾಸ್ಯೆ ಹುಣ್ಣಿಮೆಗೆ ಒಂದಷ್ಟು ದುಡ್ಡು. ಮಾರ್ನೋಮಿ ಬಂದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮನೆಮನೆ ಮುಂದೆ ಚೌಪದ ಹೇಳಿಸಿ ಕಾಣಿಕೆ ಎತ್ತುವುದು.

ಹೊಸದಾಗಿ ಸೇರಿದ ಮಗು ಹರಡಿದ ಮರಳಿನ ಮೇಲೆ ಬೆರಳಲ್ಲಿ ತಿದ್ದಬೇಕು. ಅಕ್ಷರ ಕೂತ ಮೇಲೆ ಕಡತ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ ತಯಾರು. ಅದರ ಮೇಲೆ ಬಳಪದಲ್ಲಿ ಬರಹ. ಬೇಡವಾದರೆ ಒರೆಸಿ, ಮತ್ತೆ ಮಸಿ ಬಳಿದು ಬರೆಯಬಹುದು. ಶಾನುಭೋಗರ ಲೆಕ್ಕ ಇದ್ದದ್ದೂ ಇದರಲ್ಲೇ. ಮಗ್ಗಿ, ಕಾಲು–ಅರೆ–ಮುಕ್ಕಾಲಿನ ಲೆಕ್ಕ, ಅಮರ, ಜೈಮಿನಿ ಎಲ್ಲವೂ ಬಾಯಿಪಾಠ. ತಪ್ಪಿದರೆ ಕೋದಂಡ: ತೊಲೆಯ ಹಗ್ಗಕ್ಕೆ ಹುಡುಗನ ಕೈ ಕಟ್ಟಿ ತೂಗುಬಿಡುವುದು. ಹಳೇ ಕಾಲದ ಗುರುಗಳನ್ನು ಹೊಗಳುವವರು ಈ ಒಂದು ಸಾಲನ್ನು ಮೆಲ್ಲಗೆ ದಾಟಿಸಿಬಿಡುತ್ತಾರೆ.

ಹರದನಹಳ್ಳಿಯಂಥ ಊರಿಗೆ ಗುರುಮಠ ಹೊಸದಲ್ಲ. ಗೋಸಲ ಚನ್ನಬಸವೇಶ್ವರರ ಪೀಠ ಇದ್ದ ನೆಲ ಇದು. ಅವರ ಶಿಷ್ಯ, 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ ಬರೆದ ತೋಂಟದ ಸಿದ್ಧಲಿಂಗರು ಹುಟ್ಟಿದ್ದೂ ಇಲ್ಲೇ ಎನ್ನುತ್ತದೆ ಪರಂಪರೆ. ಅಂಥ ಸೀಮೆಯಲ್ಲೂ ರೈಸ್ ಕಾಲದ ಹೊತ್ತಿಗೆ ಓದು ಕೆಲವೇ ಮನೆಗಳ ಸೊತ್ತಾಗಿತ್ತು.

ಹೋಬಳಿಗೊಂದು ಶಾಲೆ

ಶಿಕ್ಷಣ ಕುರಿತ 1854ರ ವುಡ್ ವರದಿಯ ಬೆನ್ನಿಗೆ, 1857ರಲ್ಲಿ ಮೈಸೂರಿನಲ್ಲಿ ಶಿಕ್ಷಣ ಇಲಾಖೆ ಹುಟ್ಟಿತು. ರಾಜ್ಯ ಆಗ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಇಲಾಖೆ ಏನೋ ಬಂತು, ಶಾಲೆ ಮಾತ್ರ ದೊಡ್ಡ ಊರುಗಳಲ್ಲೇ ನಿಂತಿತು. ಹಳ್ಳಿಯ ಹುಡುಗ ಓದಬೇಕೆಂದರೆ ಊರು ಬಿಡಬೇಕು.

1868ರಲ್ಲಿ ಗ್ಯಾರೆಟ್ ರಜೆ ಮೇಲೆ ಹೋದಾಗ ಅವರ ಜಾಗದಲ್ಲಿ ಕೂತ ರೈಸ್, ಚೀಫ್ ಕಮಿಷನರ್ ಬೌರಿಂಗ್ ಮುಂದೆ ಒಂದು ಯೋಜನೆ ಇಟ್ಟರು. ಹೋಬಳಿಗೊಂದು ಸರ್ಕಾರಿ ಕನ್ನಡ ಶಾಲೆ. ಮೇಷ್ಟ್ರು ಹೊರಗಿನವರು ಬೇಡ, ಆ ಸೀಮೆಯವರೇ ಆಗಲಿ. ಅವರನ್ನು ಕರೆಸಿ ನಾರ್ಮಲ್ ಸ್ಕೂಲಿನಲ್ಲಿ ತರಬೇತಿ ಕೊಟ್ಟು ವಾಪಸು ಕಳಿಸೋಣ. ಸಂಬಳ ಸರ್ಕಾರದ್ದು, ಕಟ್ಟಡ ಊರಿನವರದು.

ಇದರಲ್ಲೇನು ವಿಶೇಷ ಎನ್ನಬಹುದು. ವಿಶೇಷ ಇರುವುದೇ ಆ ‘ಸೀಮೆಯವರೇ ಆಗಲಿ’ ಎಂಬ ಮಾತಿನಲ್ಲಿ. ಕೂಲಿಮಠವನ್ನು ಕೆಡವಿ ಅದರ ಮೇಲೆ ಶಾಲೆ ಕಟ್ಟುವುದು ಯಾವ ಸಾಹೇಬನಿಗಾದರೂ ಹೊಳೆಯುವ ದಾರಿ. ಕೂಲಿಮಠದ ಮೇಷ್ಟ್ರನ್ನೇ ಕರೆದು ಭೂಪಟ, ಹೊಸ ಲೆಕ್ಕ, ಅಚ್ಚಿನ ಪುಸ್ತಕ ಕಲಿಸಿ ಅದೇ ಜಗಲಿಗೆ ಕಳಿಸಬೇಕೆಂದರೆ ಜಗಲಿಯಲ್ಲಿ ಕೂತು ನೋಡಿದ್ದವರೇ ಬೇಕು. ಪೇಟೆಯ ಪಾದ್ರಿ ಮನೆಯಲ್ಲಿ ಹುಟ್ಟಿದವನಿಗೆ, ಹೊರಗಿನವರು ತೆರೆದ ಶಾಲೆಗೆ ಮಕ್ಕಳನ್ನು ಕಳಿಸಲು ಜನ ಎಷ್ಟು ಹಿಂಜರಿಯುತ್ತಾರೆ ಎಂಬುದು ಗೊತ್ತಿಲ್ಲದ ಸಂಗತಿಯೇ? ಅಪ್ಪನ ಶಾಲೆಯಲ್ಲಿದ್ದ ಬೈಬಲ್ ಪಾಠ ಮಗನ ಹೋಬಳಿ ಶಾಲೆಯಲ್ಲಿ ಇರಲಿಲ್ಲ. ಜನ ಶಾಲೆಯನ್ನು ನಂಬಲು ಅದೂ ಒಂದು ಕಾರಣವಾಗಿರಬೇಕು.

ಬಾಗಿಲು ಎಲ್ಲ ಕೇರಿಗೂ ಒಂದೇ ಸಲ ತೆರೆಯಲಿಲ್ಲ, ಇದನ್ನೂ ಹೇಳಬೇಕು. ಕಟ್ಟಡ ಊರಿನವರದು ಎಂದಾಗ ‘ಊರು’ ಯಾರದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೊಲೆಗೇರಿ, ಮಾದಿಗರ ಕೇರಿಯ ಮಕ್ಕಳಿಗೆ ಸರ್ಕಾರಿ ಶಾಲೆಯ ಒಳಗೆ ಸಮನಾಗಿ ಕೂರಲು ಮುಂದೆ ದಶಕಗಳೇ ಬೇಕಾದವು. ಆ ವಿಷಯದಲ್ಲಿ ಕೆಲವೆಡೆ ಮಿಷನ್ ಶಾಲೆಗಳೇ ಸರ್ಕಾರಕ್ಕಿಂತ ಮುಂದಿದ್ದವು.

ಇನ್ಸ್‌ಪೆಕ್ಟರು ಕಂಡ ಕಲ್ಲು

ಶಾಲೆ ತಪಾಸಣೆಗೆ ಹೋದವರು ಊರ ಮುಂದಿನ ಕಲ್ಲು ನೋಡಿ ನಿಲ್ಲತೊಡಗಿದರು. ಅದೇ ಹೊತ್ತಿಗೆ ಸರಿಯಾಗಿ ಒಂದು ಕೆಲಸ ತಾನಾಗಿ ಕೈಗೆ ಬಂತು. 1865ರ ಸುಮಾರಿಗೆ ಮೇಜರ್ ಡಿಕ್ಸನ್ ಎಂಬುವರು ಮೈಸೂರಿನ ನೂರೈವತ್ತರಷ್ಟು ಶಾಸನಗಳ ಫೋಟೋ ತೆಗೆದಿದ್ದರು. ಅವುಗಳನ್ನು ಓದಿ ಇಂಗ್ಲಿಷಿಗೆ ತರುವ ಹೊಣೆ ರೈಸ್ ಹೆಗಲೇರಿತು. ಫಲ, 1879ರ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’.

ಆಗ ಅವರು ಪೂರ್ಣಾವಧಿ ಶಾಸನತಜ್ಞರೇನಲ್ಲ. ಗೆಜೆಟಿಯರ್ ಬರೆದರು, 1881ರ ಜನಗಣತಿಯ ವರದಿ ಬರೆದರು. ಜತೆಗೆ ಹಳಗನ್ನಡ ಗ್ರಂಥಗಳನ್ನು ಅಚ್ಚಿಗೆ ತಂದರು: ‘ಪಂಪ ರಾಮಾಯಣ’, 1884ರಲ್ಲಿ ನಾಗವರ್ಮನ ‘ಕರ್ನಾಟಕ ಭಾಷಾಭೂಷಣ’. ಪ್ರಾಚ್ಯಶೋಧನೆ ಮೊದಲು ಅರೆಕಾಲಿಕ ಹೊಣೆಯಾಗಿ ಬಂತು, 1890ರಿಂದ ಪೂರ್ಣಾವಧಿ. ಎಂಬತ್ತರ ದಶಕದ ನಡುವೆ ಶುರುವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಹನ್ನೆರಡು ಸಂಪುಟ ಮುಟ್ಟಿತು. ಶಾಸನಗಳ ಸಂಖ್ಯೆ ಹತ್ತಿರ ಹತ್ತಿರ 9,000.

1892ರಲ್ಲಿ ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನ ಸಿಕ್ಕಿದಾಗ ದೇಶದ ವಿದ್ವಾಂಸರೆಲ್ಲ ತಿರುಗಿ ನೋಡಿದರು. ಮೌರ್ಯರ ಮಾತು ಇಷ್ಟು ದಕ್ಷಿಣಕ್ಕೆ ಬಂದಿತ್ತೆಂದು ಅಲ್ಲಿಯವರೆಗೆ ಯಾರ ಬಳಿಯೂ ಪುರಾವೆ ಇರಲಿಲ್ಲ.

> ಶಾಸನದ ಪಡಿಯಚ್ಚು ತೆಗೆಯುವುದು ಹೇಗೆ?
>
> ಕಲ್ಲನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ಅಕ್ಷರದ ಗುಂಡಿಯಲ್ಲಿ ಕೂತ ಮಣ್ಣು, ಎಣ್ಣೆ ಜಿಡ್ಡು, ಸುಣ್ಣ ಎಲ್ಲ ಹೋಗಬೇಕು. ನೆನೆಸಿದ ಕಾಗದವನ್ನು ಕಲ್ಲಿಗೆ ಅಂಟಿಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ತಟ್ಟುತ್ತ ಹೋದರೆ ಕಾಗದ ಅಕ್ಷರದೊಳಗೆ ಇಳಿಯುತ್ತದೆ. ಅರೆ ಒಣಗಿದಾಗ ಬಟ್ಟೆಯ ಉಂಡೆಯಿಂದ ಹದವಾಗಿ ಮಸಿ ಹಾಯಿಸಬೇಕು. ಬಯಲು ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಗಾಳಿ ಬೀಸಿದರೆ ಕಾಗದ ಹರಿದು ಮೊದಲಿಂದ ಶುರು. ಬಿಸಿಲು ಜೋರಾದರೆ ಮಸಿಗೆ ಮುಂಚೆಯೇ ಕಾಗದ ಎದ್ದು ಬರುತ್ತದೆ.

ನಂಜನಗೂಡಿನಾಚೆ ಗಾಡಿದಾರಿ

ನಾಲ್ಕನೇ ಸಂಪುಟದ ಕೆಲಸ ನಡೆದ ಕಾಲದಲ್ಲಿ ಚಾಮರಾಜನಗರಕ್ಕೆ ರೈಲಿಲ್ಲ. ನಂಜನಗೂಡಿಗೆ ಹಳಿ ಬಂದದ್ದು 1891ರಲ್ಲಿ, ಚಾಮರಾಜನಗರ ಮುಟ್ಟಿದ್ದು 1926ರಲ್ಲಿ. ನಂಜನಗೂಡಿನಾಚೆ ಎತ್ತಿನ ಗಾಡಿ, ಕುದುರೆ, ಇಲ್ಲವೇ ಕಾಲು. ಗುಂಡ್ಲುಪೇಟೆಯ ಕಡೆ ತೆರಕಣಾಂಬಿ, ಆಚೆಗೆ ಗೋಪಾಲಸ್ವಾಮಿ ಬೆಟ್ಟ. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಕಾಡು, ಮಲೇರಿಯಾ.

ಆ ಸಂಪುಟ ತೆರೆದರೆ ಇವತ್ತಿನ ಚಾಮರಾಜನಗರ ಜಿಲ್ಲೆಯ ಒಂದು ದೊಡ್ಡ ತುಂಡು ಕಾಣೆ. ಕೊಳ್ಳೇಗಾಲ ಇಲ್ಲ. ಏಕೆಂದರೆ ಆಗ ಅದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಮೈಸೂರಿಗೆ ಬಂದದ್ದು 1956ರಲ್ಲಿ. ಪ್ರಾಚ್ಯಶೋಧನೆ ಇಲಾಖೆಯ ಮಸಿ ಗಡಿಕಲ್ಲಿನ ತನಕ ಮಾತ್ರ ಹೋಗುತ್ತಿತ್ತು. ಗಡಿಯಾಚೆಯ ಕನ್ನಡ ಕಲ್ಲುಗಳು ಬೇರೆಯವರಿಗೆ ಕಾದವು.

ರೈಸ್ ಸಂಪುಟದ ಕಟ್ಟಡವನ್ನು ನೋಡಿದರೆ ಮೇಷ್ಟ್ರು ಇಣುಕುತ್ತಾರೆ. ಇಂಗ್ಲಿಷ್ ಅನುವಾದ ಒಂದು ಕಡೆ, ರೋಮನ್ ಲಿಪಿಯ ಪಾಠ ಇನ್ನೊಂದು ಕಡೆ. ಅಷ್ಟಿದ್ದರೆ ಲಂಡನ್ನಿನ ಪಂಡಿತರಿಗೆ ಸಾಕಿತ್ತು. ಆದರೆ ಇಡೀ ಪಾಠ ಮತ್ತೆ ಕನ್ನಡ ಅಕ್ಷರದಲ್ಲಿದೆ. ಅಚ್ಚಿನ ಖರ್ಚು, ಪುಟ, ಶ್ರಮ ಎಲ್ಲ ಹೆಚ್ಚು. ಇಂಗ್ಲಿಷ್ ಬಾರದ ಹೋಬಳಿ ಶಾಲೆಯ ಮೇಷ್ಟ್ರು ಪುಸ್ತಕ ಬಿಡಿಸಿದರೂ ತನ್ನೂರ ಕಲ್ಲನ್ನು ತಾನೇ ಓದಿಕೊಳ್ಳಬಹುದಿತ್ತು. ಅದು ಕೇವಲ ಇಲಾಖೆಯ ಪದ್ಧತಿ ಎಂದು ನಾನು ಒಪ್ಪುವುದಿಲ್ಲ.

ತಪ್ಪುಗಳೂ ಇದ್ದವು. ಸಹಾಯಕರು ಎತ್ತಿ ತಂದ ಪಾಠದಲ್ಲಿ ಅಕ್ಷರ ಬಿಟ್ಟುಹೋದದ್ದುಂಟು. ತಲಕಾಡು ಗಂಗರ ಕೆಲವು ತಾಮ್ರಪಟಗಳನ್ನು ರೈಸ್ ನಿಜವೆಂದೇ ನಂಬಿದರು. ಇನ್ನೊಬ್ಬ ಶಾಸನತಜ್ಞ ಜೆ.ಎಫ್. ಫ್ಲೀಟ್ ಅವನ್ನು ಖೋಟಾ ಎಂದರು. ಇಬ್ಬರೂ ವರ್ಷಗಟ್ಟಲೆ ಕಾದಾಡಿದರು. ಹಲವು ಪಟಗಳ ವಿಷಯದಲ್ಲಿ ಫ್ಲೀಟ್ ಮಾತೇ ನಿಂತಿತು. 1970ರ ದಶಕದಿಂದ ಮೈಸೂರು ವಿಶ್ವವಿದ್ಯಾಲಯ ಸಂಪುಟಗಳನ್ನು ಪರಿಷ್ಕರಿಸಿ ಹೊರತರತೊಡಗಿದಾಗ ಹೊಸ ಕಲ್ಲುಗಳು ಸೇರಿದವು, ಹಳೆಯ ಪಾಠಗಳು ತಿದ್ದುಪಡಿಯಾದವು. ರಸ್ತೆ ಅಗಲಕ್ಕೆ, ಮನೆ ಅಡಿಪಾಯಕ್ಕೆ ಹೋದ ಕಲ್ಲುಗಳಿಗೆ ಮಾತ್ರ ರೈಸ್ ಎತ್ತಿಕೊಂಡ ಪಾಠವನ್ನು ಬಿಟ್ಟರೆ ಬೇರೆ ಗತಿಯಿಲ್ಲ.

ಕುರ್ಚಿಗೆ ಬಂದವರು

1906ರಲ್ಲಿ, 69ರ ಹೊಸ್ತಿಲಲ್ಲಿ, ನಿವೃತ್ತಿ. ಇಂಗ್ಲೆಂಡಿಗೆ ಹೋಗಿಯೂ ಸುಮ್ಮನಿರಲಿಲ್ಲ. ಎಲ್ಲ ಸಂಪುಟಗಳ ಸಾರ ತೆಗೆದು 1909ರಲ್ಲಿ ಶಾಸನಗಳ ಆಧಾರದ ಮೈಸೂರು–ಕೊಡಗಿನ ಚರಿತ್ರೆ ಬರೆದರು. 1927ರ ಜುಲೈ 10ರಂದು ಹ್ಯಾರೋದಲ್ಲಿ ತೀರಿಕೊಂಡಾಗ 90 ತುಂಬಲು ಒಂದು ವಾರ ಬಾಕಿ.

ಅವರ ಕುರ್ಚಿಗೆ ಬಂದವರು ಆರ್. ನರಸಿಂಹಾಚಾರ್, ‘ಕರ್ಣಾಟಕ ಕವಿಚರಿತೆ’ಯವರು. ಅವರೂ ಪಾಠ ಹೇಳಿ, ಶಿಕ್ಷಣ ಇಲಾಖೆಯಲ್ಲಿ ದುಡಿದು ಬಂದವರೇ. ಆಮೇಲೆ ಪ್ರಾಚ್ಯಶೋಧನೆ ಇಲಾಖೆಯ ಹೊಣೆ ಹೊತ್ತು, 1936ರಲ್ಲಿ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದ ಎಂ.ಎಚ್. ಕೃಷ್ಣ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು.